ಉಡಿ ತುಂಬಿ ಕಳಿಸಿದ ಬೇವು

ಬೇವಿನ ಮರವನ್ನು ಬುಡಸಮೇತ ಎತ್ತಿ ಬೇರೆ ಕಡೆ ನೆಡುವ ಕೆಲಸವನ್ನು ಬುದ್ಧಿ ನೆಟ್ಟಗಿರುವವರು ಒಪ್ಪಿಕೊಳ್ಳುವುದಿಲ್ಲ. ಆಲ, ಅರಳಿ, ಗೋಣಿ ಆದರೆ ಸರಿ. ಅವು ಎಲ್ಲಿ ಬಿದ್ದರೂ ಬದುಕುವ ಜಾತಿ, ತುಂಡು ಮಾಡಿ ಹೂತರೂ ಚಿಗುರುತ್ತವೆ. ಬೇವು ಹಾಗಲ್ಲ. ಅದರ ತಾಯಿಬೇರು ನೆಲದೊಳಕ್ಕೆ ನೇರ ಇಳಿದಿರುತ್ತದೆ, ಅದನ್ನು ಕತ್ತರಿಸಿದ ದಿನವೇ ಮರ ನಮ್ಮ ಮೇಲೆ ಮುನಿಸಿಕೊಳ್ಳುತ್ತದೆ. ಇದನ್ನೆಲ್ಲ ನಮ್ಮ ಗುತ್ತಿಗೆದಾರರಿಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ನಿನ್ನ ಕೈಲಿ ಆಗದ್ದು ಇನ್ಯಾರ ಕೈಲಿ ಆಗುತ್ತದೆ ಮಾರಾಯ ಅಂದರು. ಹೊಗಳಿದರೆ ನಾನು ಕರಗುತ್ತೇನೆಂದು ಅವರಿಗೆ ಚೆನ್ನಾಗಿ ಗೊತ್ತು.

ಕೆಲಸವಿದ್ದದ್ದು ಬೆಂಗಳೂರಿನ ಒಂದು ಹಳೆಯ ಉದ್ಯಾನದಲ್ಲಿ. ಅದರ ಪಕ್ಕದಲ್ಲಿ ಎಂದೋ ಬಾಗಿಲು ಹಾಕಿದ ಕಾರ್ಖಾನೆಯ ಬಯಲಿತ್ತು. ಆ ಬಯಲನ್ನೂ ಸೇರಿಸಿಕೊಂಡು ಉದ್ಯಾನವನ್ನು ದೊಡ್ಡದು ಮಾಡುವುದೆಂದು ತೀರ್ಮಾನವಾಗಿತ್ತು. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಎಲ್ಲಿ ಅಗೆದರೂ ಕಾಂಕ್ರೀಟಿನ ಚೂರು, ತುಕ್ಕು ಹಿಡಿದ ಸರಳು. ಹೊರಗಿನಿಂದ ಕೆಂಪುಮಣ್ಣು ತಂದು ಸುರಿದೆವು. ಹುಲ್ಲನ್ನಾದರೆ ಚಾಪೆಯಂತೆ ಸುತ್ತಿ ತಂದು ಹಾಸಬಹುದು, ನೆರಳನ್ನು ಹಾಗೆ ತರಲು ಬರುವುದಿಲ್ಲ. ಸಸಿ ನೆಟ್ಟರೆ ಅದರ ನೆರಳಿಗೆ ಈಗ ವಾಕಿಂಗ್ ಬರುವವರ ಮೊಮ್ಮಕ್ಕಳೇ ಬರಬೇಕು. ಅದಕ್ಕೇ, ರಸ್ತೆ ಅಗಲ ಮಾಡುವ ಕಡೆ ಕೊಡಲಿಗೆ ಸಿಗಲಿದ್ದ ದೊಡ್ಡ ಮರಗಳನ್ನು ಎತ್ತಿ ತಂದು ಇಲ್ಲಿ ನಿಲ್ಲಿಸುವುದೆಂದಾಯಿತು. ಅಂಥ ಒಂದು ಬೇವು ಆಂಧ್ರದ ಗಡಿಯೊಳಗೆ, ರಾಯದುರ್ಗದಿಂದ ಬೊಮ್ಮನಹಾಳ್ ಕಡೆಗೆ ಹೋಗುವ ರಸ್ತೆಯ ಅಂಚಿನಲ್ಲಿತ್ತು.

ನಾನು ಮಡಕಶಿರಾ ಸೀಮೆಯವನು. ಕನ್ನಡ ಮನೆಮಾತು, ತೆಲುಗು ಸಂತೆಮಾತು, ಆದ್ದರಿಂದ ಆ ಕಡೆಯ ಕೆಲಸವೆಲ್ಲ ನನ್ನ ಕೊರಳಿಗೇ ಬೀಳುತ್ತದೆ. ಹೆಂಡತಿ ಊರಲ್ಲಿ ಹಿಪ್ಪುನೇರಳೆ ತೋಟ ನೋಡಿಕೊಂಡು ರೇಷ್ಮೆಹುಳು ಸಾಕುತ್ತಾಳೆ. ನಾನು ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಅನ್ನ ಬೇಯಿಸಿಕೊಂಡು ತಿನ್ನುತ್ತೇನೆ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಬಾ ಅನ್ನುತ್ತಾಳೆ, ಆಗಲೇ ಇಲ್ಲಿ ಯಾವುದಾದರೂ ಮರಕ್ಕೆ ಮುಹೂರ್ತ ಕೂಡಿರುತ್ತದೆ. ರಾಯದುರ್ಗದ ಕೆಲಸ ಅಂದಾಗ ಒಳಗೊಳಗೇ ಖುಷಿಯಾದದ್ದು ನಿಜ. ದಾರಿಯಲ್ಲಿ ಮನೆ ಸಿಗುತ್ತದಲ್ಲ.

ಮರ ನೋಡಿದ ದಿನ ನನಗೆ ಸಂಕಟವಾಯಿತು. ಅದು ಎರೆಮಣ್ಣಿನಲ್ಲಿ, ಕಾಲುವೆಯಿಂದ ಸ್ವಲ್ಪ ದೂರದಲ್ಲಿ ನಿಂತಿತ್ತು. ಇಬ್ಬರು ತಬ್ಬಿದರೆ ಕೈ ಕೂಡುವಷ್ಟು ದಪ್ಪ. ಆ ಊರಿಗೆ ಬಸ್ ನಿಲ್ದಾಣ ಅಂದರೆ ಅದೇ. ಭತ್ತದ ನಾಟಿಗೆ ಹೋಗುವ ಹೆಂಗಸರು ಬೆಳಿಗ್ಗೆ ಅಲ್ಲಿ ಸೇರುತ್ತಿದ್ದರು, ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಕೂಸುಗಳಿಗೆ ಅದರ ಕೊಂಬೆಯಲ್ಲೇ ಸೀರೆಯ ಜೋಳಿಗೆ. ನಾನು ಟೇಪ್ ಹಿಡಿದು ಬುಡ ಅಳೆಯುತ್ತಿದ್ದಾಗ ಒಬ್ಬಾಕೆ ಬಂದು ಪಕ್ಕದಲ್ಲಿ ನಿಂತರು. ಐವತ್ತು ದಾಟಿದ ಹೆಂಗಸು, ನಾಟಿ ಗುಂಪಿನ ಮುಂದಾಳು. ಅವರನ್ನು ನಾನು ಕೊನೆಯವರೆಗೂ ಅಕ್ಕ ಅಂದೇ ಕರೆದೆ.

ಕಡಿಯುತ್ತೀರೇನು ಅಂತ ಕೇಳಿದರು. ಇಲ್ಲ, ಎತ್ತಿಕೊಂಡು ಹೋಗಿ ಬೆಂಗಳೂರಿನ ಪಾರ್ಕಿನಲ್ಲಿ ನೆಡುತ್ತೇವೆ ಅಂದೆ. ಅಕ್ಕ ಮರವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಅವರು ನನ್ನನ್ನು ಅಳೆದ ರೀತಿ ನಾನು ಮರವನ್ನು ಅಳೆದದ್ದಕ್ಕಿಂತ ಗಟ್ಟಿಯಾಗಿತ್ತು.

"ಬದುಕ್ತೈತೇನ್ರಿ?"

"ಬದುಕಿಸ್ತೀನಿ ಅಕ್ಕ."

ಬಾಯಿಂದ ಬಂದುಬಿಟ್ಟಿತು. ಈ ಕೆಲಸದಲ್ಲಿ ಪಳಗಿದವರು ಯಾರೂ ಆ ಮಾತು ಆಡುವುದಿಲ್ಲ. ನೋಡೋಣ, ದೇವರಿದ್ದಾನೆ ಅನ್ನುತ್ತಾರೆ. ನಾನು ಮಾತು ಕೊಟ್ಟೆ. ಅಲ್ಲಿಂದ ಮುಂದಿನದ್ದೆಲ್ಲ ಆ ಒಂದು ಮಾತನ್ನು ಉಳಿಸಿಕೊಳ್ಳಲು ಪಟ್ಟ ಪಾಡು.

ಮಳೆಗಾಲ ಮುಗಿದ ಮೇಲೆ ಮರದ ಸುತ್ತ ಅರ್ಧ ವೃತ್ತದಲ್ಲಿ ಕಂದಕ ತೋಡಿದೆವು. ಸಿಕ್ಕ ಬೇರುಗಳನ್ನು ಗರಗಸದಿಂದ ನುಣ್ಣಗೆ ಕೊಯ್ದು, ಗೊಬ್ಬರ ಬೆರೆಸಿದ ಮಣ್ಣು ತುಂಬಿ, ನೀರು ಕಟ್ಟಿದೆವು. ಹೀಗೆ ಮಾಡಿದರೆ ಕೊಯ್ದ ತುದಿಯಲ್ಲಿ ಕೂದಲಿನಂಥ ಹೊಸ ಬೇರು ಒಡೆಯುತ್ತವೆ, ಮರ ಪ್ರಯಾಣಕ್ಕೆ ಸಿದ್ಧವಾಗುತ್ತದೆ. ಉಳಿದರ್ಧವನ್ನು ಕೆಲವು ವಾರ ಬಿಟ್ಟು ತೋಡಬೇಕು. ರಸ್ತೆಯವರಿಗೆ ಅಷ್ಟು ತಾಳ್ಮೆಯೆಲ್ಲಿ? ಅವರ ಮೇಸ್ತ್ರಿ ದಿನಾ ಬಂದು ತೆಲುಗಿನಲ್ಲಿ, ಒಂದು ಬೇವಿನ ಮರಕ್ಕೆ ಇಷ್ಟು ಬಾಣಂತನವಾ ಅಂತ ರೇಗಿಸುತ್ತಿದ್ದ. ಬಾಣಂತನವೇ ಅಂದುಕೋ, ಅರ್ಧಕ್ಕೆ ಎಬ್ಬಿಸಿದರೆ ಸೊಂಟ ಬೀಳುತ್ತದೆ ಅಂತ ನಾನೂ ತೆಲುಗಿನಲ್ಲೇ ಜವಾಬು ಕೊಡುತ್ತಿದ್ದೆ. ಹೇಗೋ ಸಂಕ್ರಾಂತಿಯವರೆಗೆ ತಳ್ಳಿ, ಉಳಿದರ್ಧವನ್ನೂ ತೋಡಿ ಮುಗಿಸಿದೆ.

ಎತ್ತುವ ಮುಂಚೆ ಬುಡಕ್ಕೆ ಚೆನ್ನಾಗಿ ನೀರು ಕುಡಿಸಿದೆವು. ಎರೆಮಣ್ಣು ಹಸಿ ಇದ್ದರೆ ಬೇರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ. ಕೊಂಬೆಗಳನ್ನು ಕಡಿಮೆ ಮಾಡಿ ಕೊಯ್ದ ಬಾಯಿಗೆಲ್ಲ ಮೈಲುತುತ್ತದ ಮುಲಾಮು ಬಳಿದೆವು. ಕಾಂಡದ ಉತ್ತರದ ಮಗ್ಗುಲಿಗೆ ಬಣ್ಣದ ಗುರುತು ಹಾಕಿದೆ. ಹೊಸ ಜಾಗದಲ್ಲೂ ಅದೇ ಮಗ್ಗುಲು ಉತ್ತರಕ್ಕೆ ಇರಬೇಕು, ಇಲ್ಲವಾದರೆ ಬಿಸಿಲು ಕಾಣದ ತೊಗಟೆ ಬೆಂದುಹೋಗುತ್ತದೆ. ಬೇರಿನ ಮಣ್ಣುಗಡ್ಡೆಯನ್ನು ಗೋಣಿತಟ್ಟಿನಿಂದ ಸುತ್ತಿ, ಹಗ್ಗದಿಂದ ಡೋಲು ಬಿಗಿದಂತೆ ಬಿಗಿದೆವು. ಕೊನೆಗೆ ತಾಯಿಬೇರು ಕೊಯ್ದೆ. ಗರಗಸ ಆ ಕಡೆಗೆ ದಾಟಿದಾಗ ಮರ ಒಂದು ಸಲ ನಡುಗಿತು.

ಕ್ರೇನ್ ಬರುವ ಹೊತ್ತಿಗೆ ಊರಿನ ಹೆಂಗಸರೆಲ್ಲ ತಲೆಗೆ ನೀರು ಹಾಕಿಕೊಂಡು, ತಟ್ಟೆ ಹಿಡಿದು ನಿಂತಿದ್ದರು. ಅಕ್ಕಿ, ಬೆಲ್ಲ, ಒಣಕೊಬ್ಬರಿ, ಅರಿಶಿಣ ಕೊಂಬು, ರವಿಕೆಗೆಂದು ಹಸಿರು ಕುಬಸದ ಕಣ. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿಗೆ ತುಂಬುತ್ತಾರಲ್ಲ, ಆ ಉಡಿಯ ಸಾಮಾನು. ನಾನು ಅಕ್ಕನ ಮುಖ ನೋಡಿದೆ.

"ಈ ಊರಿನ ಹೆಣ್ಣುಮಕ್ಳೆಲ್ಲ ಇದರ ಬುಡದಾಗ ನಿಂತು ಬಸ್ ಹತ್ತ್ಯಾರ್ರಿ" ಅಂದರು ಅಕ್ಕ. "ಈಗ ಇಕೀನ ಹೊಂಟಾಳ. ಖಾಲಿ ಉಡೀಲೆ ಹೆಂಗ ಕಳಸೋಣ್ರಿ?"

ಇದಕ್ಕೆ ಬೇಡ ಅನ್ನುವ ಎದೆ ನನಗಿಲ್ಲ. ಬೇಗ ಮುಗಿಸಿ ಅಂದು ನಾನು ಕ್ರೇನಿನವನ ಹತ್ತಿರ ಹೋದೆ. ಕಾಂಡಕ್ಕೆ ಹಗ್ಗ ಹಾಕಬೇಡ, ಗಡ್ಡೆಯ ಕೆಳಗಿನಿಂದಲೇ ಎತ್ತು, ಹಗ್ಗ ತಾಗುವ ಕಡೆ ಹಳೆಯ ಟೈರು ಕೊಡು ಎಂದು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಉಡಿ ತುಂಬಿ ಮುಗಿದಿತ್ತು. ಕಾಂಡಕ್ಕೆ ಅರಿಶಿಣ ಬಳಿದಿದ್ದರು, ಕುಂಕುಮ ಇಟ್ಟಿದ್ದರು. ಮರ ಗಾಳಿಯಲ್ಲಿ ತೂಗಾಡಿ ಟ್ರೇಲರಿನ ಮೇಲೆ ಮಲಗಿತು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ಅಕ್ಕ ಅಳಲಿಲ್ಲ, ನನ್ನ ಫೋನ್ ನಂಬರ್ ಕೇಳಿ ತೆಗೆದುಕೊಂಡರು.

ಬೇರೆ ದಾರಿಯಲ್ಲಿ ಕರೆಂಟಿನ ತಂತಿಗಳು ಜೋತುಬಿದ್ದಿದ್ದರಿಂದ ಮಡಕಶಿರಾ ಮೇಲೆ ಹಾದುಹೋಗುವುದೆಂದಾಯಿತು. ಹೆಂಡತಿಗೆ ಮೊದಲೇ ಹೇಳಿದ್ದೆ. ಊರಿನ ಕ್ರಾಸಿನಲ್ಲಿ ಬುತ್ತಿಯ ಗಂಟು, ಒಂದು ಬಿಂದಿಗೆ ನೀರು ಇಟ್ಟುಕೊಂಡು ನಿಂತಿದ್ದಳು. ಗಡ್ಡೆ ಒಣಗುವುದರೊಳಗೆ ನೆಲ ಸೇರಿಸಬೇಕು, ಆದ್ದರಿಂದ ಡ್ರೈವರ್ ಇಂಜಿನ್ ಆರಿಸಲಿಲ್ಲ. ಅವಳು ಬಿಂದಿಗೆಯ ನೀರನ್ನು ಗೋಣಿತಟ್ಟಿನ ಮೇಲೆ ಸುರಿದು, ಮರವನ್ನು ಬುಡದಿಂದ ತುದಿಯವರೆಗೆ ನೋಡಿದಳು.

"ಮರಕ್ಕಾದ್ರೆ ಲಾರಿ, ಕ್ರೇನು, ಆಳು-ಕಾಳು. ನನ್ನೂ ಹಿಂಗೇ ಬುಡಸಮೇತ ಕಿತ್ಕೊಂಡು ಹೋಗ್ಬಾರ್ದಾ?"

ನಿನ್ನ ಬೇರು ಆಳ, ಈ ಕ್ರೇನ್ ಸಾಲದು ಅಂದೆ. ನಕ್ಕಳು. ಗಾಡಿ ಹೊರಟಿತು. ಕ್ರಾಸ್ ಮರೆಯಾಗುವವರೆಗೂ ಹಿಂದಕ್ಕೆ ತಿರುಗಿಯೇ ಕೂತಿದ್ದೆ. ರಾಗಿರೊಟ್ಟಿ ಇನ್ನೂ ಬಿಸಿಯಿತ್ತು, ಕಡಲೆಕಾಯಿ ಚಟ್ನಿಯೂ ಇತ್ತು. ಗಂಟನ್ನು ಮತ್ತೆ ಕಟ್ಟಿಟ್ಟೆ. ಅವತ್ತು ಅನ್ನಿಸಿದಷ್ಟು ಯಾವತ್ತೂ ನನಗೆ ಇಳಿದು ಮನೆಗೆ ಹೋಗಿಬಿಡಬೇಕು ಅನ್ನಿಸಿರಲಿಲ್ಲ.

ಬೆಂಗಳೂರಿನಲ್ಲಿ ಗುಂಡಿ ಸಿದ್ಧವಿತ್ತು. ತಳಕ್ಕೆ ಜಲ್ಲಿ, ಮೇಲೆ ಮರಳು, ಮೇಲೆ ಮಣ್ಣು. ಗುರುತನ್ನು ಉತ್ತರಕ್ಕೆ ತಿರುಗಿಸಿ ಇಳಿಸಿದೆವು. ಸುತ್ತ ಕೆಂಪುಮಣ್ಣು ತುಂಬಿ, ಗಾಳಿ ಉಳಿಯದಂತೆ ನೀರು ಹಾಯಿಸಿ ಕೂರಿಸಿದೆವು. ಗೋಣಿತಟ್ಟನ್ನು ಬಿಚ್ಚಲಿಲ್ಲ, ಅದು ಮಣ್ಣಿನಲ್ಲೇ ಕೊಳೆತು ಬೇರಿಗೆ ದಾರಿ ಬಿಡುತ್ತದೆ. ಮೂರು ಕಡೆಗೆ ತಂತಿ ಎಳೆದು ಕಟ್ಟಿದೆವು. ಇದ್ದ ಎಲೆಗಳೂ ಉದುರಿದವು. ಅದು ರೂಢಿಯೇ, ನಾನು ಹೆದರಲಿಲ್ಲ.

ಅಕ್ಕ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಮಗಳು ಹೆಂಗದಾಳ್ರಿ ಅಂತ ಅಷ್ಟೇ ಕೇಳುವುದು. ಮಲಗಿದ್ದಾಳೆ, ಇನ್ನೂ ಎಚ್ಚರವಾಗಿಲ್ಲ ಅನ್ನುತ್ತಿದ್ದೆ. ಸುಳ್ಳಂತೂ ಹೇಳಲಿಲ್ಲ. ತೊಗಟೆಯನ್ನು ಉಗುರಿನಿಂದ ಕೆರೆದು ನೋಡುವುದು ನನ್ನ ದಿನದ ಕೆಲಸ. ಒಳಗೆ ಹಸಿರಿದ್ದರೆ ಜೀವ ಇದೆ ಅಂತ. ಮೊದಮೊದಲು ಕೊಂಬೆಯ ತುದಿಯವರೆಗೂ ಹಸಿರಿತ್ತು. ಬರುಬರುತ್ತ ಅದು ಕೆಳಕ್ಕೆ ಇಳಿಯತೊಡಗಿತು. ಯುಗಾದಿ ಬಂತು. ಬೆಂಗಳೂರಿನ ಬೇವುಗಳೆಲ್ಲ ಹೂ ಸುರಿಸುತ್ತ ನಿಂತಿದ್ದವು, ನಮ್ಮದೊಂದು ಒಣಗಿದ ಕಂಬದಂತೆ ನಿಂತಿತ್ತು. ಹಬ್ಬದ ದಿನ ಅಕ್ಕ ಫೋನ್ ಮಾಡಿ ಹೂ ಬಿಟ್ಟಿದೆಯಾ ಅಂತ ಕೇಳಿದರು. ಇಲ್ಲ ಅಂದೆ. ಈ ಸಲ ಬೇವು-ಬೆಲ್ಲಕ್ಕೆ ಹೂವು ಪಕ್ಕದೂರಿನಿಂದ ತಂದೆವು ಅಂದರು. ಒಂದೆರಡು ಮಾತು ಬೈದಿದ್ದರೆ ಹಗುರವಾಗುತ್ತಿತ್ತು.

ಉದ್ಯಾನದ ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಮೇಡಂ ಕೆಟ್ಟವರಲ್ಲ. ಬಿಸಿಲಲ್ಲಿ ನಮ್ಮ ಜೊತೆ ನಿಂತು ಕೆಲಸ ಮಾಡಿಸುವವರು. ಹೊಸ ಭಾಗದ ಉದ್ಘಾಟನೆ ಹತ್ತಿರ ಬಂದಿತ್ತು, ಅವರ ಮೇಲೂ ಒತ್ತಡವಿತ್ತು. ಒಂದು ದಿನ ಮರದ ಕೆಳಗೆ ನಿಂತು ಮೇಲೆ ನೋಡಿದರು.

"ಜನ ನೆರಳಿಗೆ ಅಂತ ಬರ್ತಾರೆ. ಬೋಳು ಮರ ತೋರಿಸಿ ನಾನು ಏನು ಹೇಳಲಿ? ತೆಗೆಸಿಬಿಡಿ, ನರ್ಸರಿಯಿಂದ ಒಂದು ಬೆಳೆದ ತಾಳೆ ತಂದು ನಿಲ್ಲಿಸೋಣ."

ತಾಳೆ ನಿಲ್ಲಿಸಿದರೆ ಅದರ ನೆರಳು ಪಕ್ಕದ ಬೀದಿಯಲ್ಲಿ ಬೀಳುತ್ತದೆ ಮೇಡಂ ಅಂದೆ. ಅವರಿಗೆ ನಗು ಬಂತು, ಆದರೂ ಮಾತು ಬದಲಿಸಲಿಲ್ಲ. ಉದ್ಘಾಟನೆಯವರೆಗೆ ನೋಡಿ, ಆಮೇಲೆ ಗರಗಸ ಅಂದರು. ಅವರು ಹೋದ ಮೇಲೆ ಬುಡದಲ್ಲಿ ಕೂತು ಯೋಚಿಸಿದೆ. ಕೊಟ್ಟ ನೀರು ಒಂದು ಕಡೆ ಸರ್ರನೆ ಇಳಿದುಹೋಗುತ್ತಿದ್ದದ್ದನ್ನು ನಾನು ಗಮನಿಸಿದ್ದೆ. ತಳದ ಜಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂದುಕೊಂಡಿದ್ದೆ. ಈಗ ನೋಡಿದರೆ ಆ ಕಡೆ ಹೊಸದಾಗಿ ಕೆದರಿದ ಮಣ್ಣಿನ ಗುಡ್ಡೆ. ಕೆಂಪುಮಣ್ಣಲ್ಲ, ಕರಿಮಣ್ಣು. ಗಡ್ಡೆಯೊಳಗಿನ ಮಣ್ಣು ಹೊರಗೆ ಬರುತ್ತಿತ್ತು. ಹೆಗ್ಗಣ.

ನೆಟ್ಟ ಮರದ ಗಡ್ಡೆಯನ್ನು ಮತ್ತೆ ಬಿಚ್ಚಬಾರದು, ಅದರಲ್ಲೂ ಬೇಸಿಗೆಯಲ್ಲಿ. ಇದು ನಮ್ಮ ಕಸುಬಿನ ಮೊದಲ ಪಾಠ. ಹೊಸದಾಗಿ ಒಡೆದ ಬೇರು ಗಾಳಿಗೆ ಸೋಕಿದರೆ ಮುಗಿಯಿತು. ಬಿಚ್ಚದಿದ್ದರೆ ಹೆಗ್ಗಣದ ಬಿಲದಲ್ಲಿ ಗಾಳಿಯಾಡಿ ಇದ್ದ ಬೇರೂ ಸಾಯುತ್ತವೆ. ಗುತ್ತಿಗೆದಾರರಿಗೆ ಫೋನ್ ಮಾಡಿದರೆ, ಮುಟ್ಟಬೇಡ, ಸತ್ತರೆ ಬಿಸಿಲಿಗೆ ಸತ್ತಿತು ಅಂತ ಬರೆದು ಮುಗಿಸೋಣ, ಬಿಚ್ಚಿದ ಮೇಲೆ ಸತ್ತರೆ ನೀನೇ ಕೊಂದೆ ಅಂತಾರೆ ಅಂದರು. ಲೋಕದ ಬುದ್ಧಿ ಅವರದು. ಆದರೆ ಸುಮ್ಮನೆ ಕೂತು ಅದು ಸಾಯುವುದನ್ನು ನೋಡುವುದು ನನ್ನಿಂದಾಗಲಿಲ್ಲ. ಮರುದಿನ ಬೆಳಿಗ್ಗೆ ನೆರಳುಬಲೆ ಕಟ್ಟಿ, ಗೋಣಿಚೀಲ ನೆನೆಸಿ ಇಟ್ಟುಕೊಂಡು, ಆ ಒಂದು ಮಗ್ಗುಲನ್ನು ಕೈಯಿಂದಲೇ ಬಿಡಿಸಿದೆ.

ಒಳಗೆ ಮೊಳಕೈ ಹೋಗುವಷ್ಟು ಬಿಲ. ಅದರ ಕೊನೆಯಲ್ಲಿ ಹೆಗ್ಗಣ ಮೆತ್ತಗೆ ಹಾಸಿಗೆ ಮಾಡಿಕೊಂಡಿತ್ತು. ಹಸಿರು ಬಟ್ಟೆಯ ಚೂರುಗಳು. ಕುಬಸದ ಕಣ. ಅದರ ಪಕ್ಕ ಕಚ್ಚಿದ ಕೊಬ್ಬರಿ ಬಟ್ಟಲು, ಬೂಸಲು ಹಿಡಿದ ನಾಲ್ಕು ಅಕ್ಕಿಕಾಳು, ಅರಿಶಿಣ ಕೊಂಬು. ನನಗೆ ಆಗ ತಿಳಿಯಿತು. ಕಾಂಡಕ್ಕೆ ಕಟ್ಟಿದರೆ ದಾರಿಯಲ್ಲಿ ಬಿದ್ದುಹೋದೀತು ಅಂತ ಹೆಂಗಸರು ಉಡಿಯನ್ನು ಗೋಣಿತಟ್ಟಿನ ಸಂದಿಯಲ್ಲಿ, ಬೇರಿನ ಮಗ್ಗುಲಿಗೆ ಒತ್ತಿ ತುಂಬಿದ್ದರು. ಹೆಣ್ಣುಮಗಳ ಉಡಿ ದಾರಿಯಲ್ಲಿ ಚೆಲ್ಲಬಾರದಲ್ಲ. ಬೆಲ್ಲಕ್ಕೆ ಇರುವೆ ಬಂದಿದ್ದವು, ಅಕ್ಕಿ-ಕೊಬ್ಬರಿಗೆ ಹೆಗ್ಗಣ ಬಂದಿತ್ತು. ಬಿಲದ ಸುತ್ತ ಬೇರುಗಳು ಒಣಗಿ ಕಡ್ಡಿಯಾಗಿದ್ದವು. ಆ ಹಸಿರು ಚೂರುಗಳನ್ನು ಕೈಯಲ್ಲಿ ಹಿಡಿದುಕೊಂಡು ಮೊದಲು ನಕ್ಕೆ. ಆಮೇಲೆ ಅತ್ತೆ. ಜೊತೆಯ ಕೆಲಸದವರು ಮಣ್ಣು ಕಣ್ಣಿಗೆ ಬಿತ್ತೇನೋ ಅಂದುಕೊಂಡರು.

ಒಣಗಿದ ಬೇರನ್ನು ಹಸಿ ಕಾಣುವವರೆಗೆ ಕೊಯ್ದೆ, ನೆನೆದ ಗೋಣಿಚೀಲ ಮುಚ್ಚಿದೆ. ಈಗ ತುಂಬಲು ಮಣ್ಣು ಬೇಕಿತ್ತು. ಕೆಂಪುಮಣ್ಣು ತುಂಬಿದರೆ ಎರೆಮಣ್ಣಿನ ಗಡ್ಡೆಗೆ ಅದು ಅಂಟುವುದಿಲ್ಲ, ನಡುವೆ ಮತ್ತೆ ಬಿರುಕು. ಅದೇ ಎರೆಮಣ್ಣು ಬೇಕು. ಅಕ್ಕನಿಗೆ ಫೋನ್ ಮಾಡಿದೆ. ಹೆಗ್ಗಣದ ಸುದ್ದಿ ನಾಲಿಗೆಯ ತುದಿಗೆ ಬಂದಿತ್ತು. ನೀವು ತುಂಬಿದ ಉಡಿಯೇ ಅವಳ ಜೀವಕ್ಕೆ ಕುತ್ತಾಯಿತು ಅಂತ ಯಾವ ಬಾಯಲ್ಲಿ ಹೇಳಲಿ? ಬೇರು ಸೊರಗಿವೆ ಅಕ್ಕ, ಮರ ಇದ್ದ ಜಾಗದ ಮಣ್ಣು ಬೇಕು, ಇವತ್ತೇ ಬೇಕು ಅಂದೆ.

ಅಕ್ಕ ಅಲ್ಲಿದ್ದವರಿಗೆ ಸುದ್ದಿ ಹೇಳಿ ಮತ್ತೆ ಫೋನಿಗೆ ಬಂದರು.

"ತವರಿನ ಮಣ್ಣು ಬೇಡ್ಯಾಳಂದ್ರ ಇಕಿಗೆ ಬದುಕೋ ಆಸೆ ಐತ್ರಿ. ಕಳಸ್ತೀವಿ."

ಬೊಮ್ಮನಹಾಳ್ ಕಡೆಯಿಂದ ಅಕ್ಕಿ ಹೊತ್ತು ಬರುತ್ತಿದ್ದ ಲಾರಿಯಲ್ಲಿ ಮಾರನೆಯ ದಿನವೇ ಮಣ್ಣಿನ ಮೂಟೆಗಳು ಬಂದವು. ಬಿಚ್ಚಿ ನೋಡಿದರೆ ಒಂದು ಹೆಂಟೆ ಇಲ್ಲ, ಒಂದು ಕಲ್ಲಿಲ್ಲ. ರಾಗಿಹಿಟ್ಟು ಜರಡಿ ಹಿಡಿದಂತೆ ಜರಡಿ ಹಿಡಿದು ಕಳಿಸಿದ್ದರು. ಅದನ್ನು ನೀರಲ್ಲಿ ಅಂಬಲಿಯಂತೆ ಕಲಸಿ ಬಿಲಕ್ಕೆ ಹೊಯ್ದು, ಮೇಲೆ ಗಟ್ಟಿಮಣ್ಣು ಒತ್ತಿ, ಸುತ್ತ ತಂತಿಜಾಲರಿ ಹೂತೆ. ಕಣದ ಚೂರುಗಳನ್ನು ಎಸೆಯಲು ಮನಸ್ಸಾಗಲಿಲ್ಲ, ಅವನ್ನೂ ಒಳಗೇ ಹಾಕಿದೆ. ಕೊಬ್ಬರಿ ಮಾತ್ರ ಹಾಕಲಿಲ್ಲ. ಇದ್ದಬದ್ದ ಕೊಂಬೆಗಳನ್ನೂ ಇನ್ನಷ್ಟು ಮೋಟು ಮಾಡಿದೆ. ಮೇಡಂ ಬಂದು ನೋಡಿ ಹಣೆ ಚಚ್ಚಿಕೊಂಡರು. ನಾನು ಎಲ್ಲವನ್ನೂ ಹೇಳಿದೆ, ಉಡಿಯ ವಿಷಯವನ್ನೂ. ಉದ್ಘಾಟನೆಯ ದಿನ ಮರದ ಪಕ್ಕಕ್ಕೆ ಶಾಮಿಯಾನ ಹಾಕಿಸಿ ಬೋಳು ಮರ ಕಾಣದಂತೆ ಮಾಡಿದವರು ಅವರೇ. ಗರಗಸದ ಮಾತು ಮತ್ತೆ ಎತ್ತಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಮೋಟಿನ ಕೆಳಗೆ ಕೆಂಪಗೆ ಒಂದು ಮೊನೆ ಕಂಡಿತು. ಕುಣಿಯಬಾರದು, ಅದು ಸುಳ್ಳು ಚಿಗುರಿರಬಹುದು. ಕಾಂಡದಲ್ಲಿ ಉಳಿದ ಸತ್ವದಿಂದ ಬಂದು ಬಾಡಿಹೋಗುವುದುಂಟು. ಅದು ಬಾಡಿತು ಕೂಡ. ಆಮೇಲೆ ಇನ್ನೊಂದು ಬಂತು, ಅದರ ಪಕ್ಕ ಮತ್ತೊಂದು. ಆಷಾಢದ ಗಾಳಿಗೂ ಉದುರದೆ ನಿಂತಾಗ ನಂಬಿದೆ. ಅಕ್ಕನಿಗೆ ಫೋನ್ ಮಾಡಿ, ಎದ್ದಳು ಅಕ್ಕ ಅಂದೆ. ಆ ಕಡೆ ಅವರು ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು. ಹೆಂಡತಿಗೆ ಹೇಳಿದಾಗ ಅವಳು, ಮರಕ್ಕೆ ನೀರಾಯ್ತಾ ಅಂತ ದಿನಾ ನೋಡಿದ್ಯಲ್ಲ, ನಾನು ಉಂಡ್ನಾ ಅಂತ ಒಂದಿನಾನಾದ್ರೂ ಕೇಳಿದ್ಯಾ ಅಂದಳು. ಉಂಡ್ಯಾ ಅಂತ ಆಗಲೇ ಕೇಳಿದೆ. ಉಂಡಿರಲಿಲ್ಲ.

ಮುಂದಿನ ಯುಗಾದಿ ಕಳೆದ ಮೇಲೆ ಅಕ್ಕ ಬೆಂಗಳೂರಿಗೆ ಯಾವುದೋ ಮದುವೆಗೆ ಬಂದವರು ಉದ್ಯಾನಕ್ಕೂ ಬಂದರು. ಮರ ಆಗ ಮೈತುಂಬ ಎಲೆ ಬಿಟ್ಟು, ಅಲ್ಲಲ್ಲಿ ಹೂವೂ ಬಿಟ್ಟಿತ್ತು. ಕೆಳಗೆ ಕಲ್ಲಿನ ಆಸನ ಹಾಕಿದ್ದರು, ಯಾರೋ ಇಬ್ಬರು ವಯಸ್ಸಾದವರು ಪೇಪರ್ ಓದುತ್ತಿದ್ದರು. ಆ ಇಬ್ಬರು ಏಳುವವರೆಗೂ ಅಕ್ಕ ದೂರದಲ್ಲೇ ನಿಂತಿದ್ದರು. ಆಮೇಲೆ ಹೋಗಿ ಆಸನದ ಮೇಲಲ್ಲ, ಬುಡದಲ್ಲಿ ನೆಲದ ಮೇಲೆ ಕೂತು ಕಾಂಡಕ್ಕೆ ಬೆನ್ನು ಕೊಟ್ಟರು. ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಎದ್ದಾಗ ಕಣ್ಣು ಒದ್ದೆಯಾಗಿದ್ದವು.

"ಹೊಂದಿಕೊಂಡಾಳ್ರಿ ಅಣ್ಣ" ಅಂದರು. "ಇನ್ನ ನಾ ಫೋನ್ ಮಾಡಂಗಿಲ್ಲ. ಮಗಳು ಅತ್ತಿಮನ್ಯಾಗ ಹೊಂದಿಕೊಂಡ ಮ್ಯಾಲ ತವರಿನೋರು ಪದೇಪದೇ ಕೇಳಬಾರದ್ರಿ."

ಹಾಗೆಯೇ ಮಾಡಿದರು. ವಾರ ಕಳೆಯಿತು, ಫೋನ್ ಬರಲಿಲ್ಲ. ಇನ್ನೊಂದು ವಾರವೂ ಬರಲಿಲ್ಲ. ಆ ಫೋನಿಗೆ ನಾನು ಇಷ್ಟು ಕಾಯುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಹೆಂಗದಾಳ್ರಿ ಅನ್ನುವ ಆ ಒಂದು ಮಾತಿನಲ್ಲಿ ನಮ್ಮ ಸೀಮೆಯ ಗಾಳಿಯೆಲ್ಲ ಬರುತ್ತಿತ್ತು. ಆಷಾಢ ಕಳೆದ ಮೇಲೆ, ತಡೆಯಲಾರದೆ ಒಂದು ಮಧ್ಯಾಹ್ನ ನಾನೇ ಫೋನ್ ಮಾಡಿದೆ. ಹಿಂದೆ ಲಾರಿಗಳು ಹಾದುಹೋಗುವ ಸದ್ದು. ರಸ್ತೆ ಅಗಲವಾಗಿದೆ, ಗಾಡಿಗಳು ಬಹಳ ಜೋರಾಗಿ ಓಡುತ್ತವೆ ಅಂದರು. ನಾಟಿ ನಡೆದಿದೆಯಂತೆ, ಬುತ್ತಿ ಬಿಚ್ಚುವ ಹೊತ್ತಂತೆ. ಎಲ್ಲಿ ಕೂತಿದ್ದೀರಿ ಅಕ್ಕ ಅಂತ ಕೇಳಿದೆ.

"ಎಲ್ಲಿ ಕುಂದ್ರಾಣ್ರಿ ಅಣ್ಣ, ಬಿಸಿಲಾಗ."

ಅದರಲ್ಲಿ ದೂರೇನೂ ಇರಲಿಲ್ಲ, ಇದ್ದದ್ದನ್ನು ಹೇಳಿದರು. ನಾನಾಗ ಆ ಬೇವಿನ ನೆರಳಲ್ಲೇ ಕೂತಿದ್ದೆ.